ನೆಲ ಬಿಡದ ಚಕ್ರ

ವೇಗಕ್ಕೆ ಮೂಗುದಾರ ಹಾಕಲು ಹೊರಟವರೇ ಅದರ ಹಗ್ಗ ಬಿಚ್ಚಿಬಿಟ್ಟರು. ಮೋಟಾರ್ ರೇಸುಗಳ ಹುಚ್ಚು ಓಟ ಅತಿಯಾಯಿತೆಂದು ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಸಂಘದ ಹಿರಿಯರು ಒಂದು ನಿಯಮ ಬರೆದರು. 1934ರಿಂದ ಗ್ರ್ಯಾಂಡ್ ಪ್ರಿ ಕಾರಿನ ತೂಕ 750 ಕಿಲೋ ಮೀರುವಂತಿರಲಿಲ್ಲ. ಚಾಲಕ, ಇಂಧನ, ಎಣ್ಣೆ, ನೀರು, ಟೈರು ಈ ಲೆಕ್ಕಕ್ಕೆ ಸೇರಿರಲಿಲ್ಲ. ಕಾರು ಹಗುರವಾದರೆ ಎಂಜಿನ್ ಸಣ್ಣದಾಗುತ್ತದೆ, ಎಂಜಿನ್ ಸಣ್ಣದಾದರೆ ವೇಗ ತಾನಾಗಿ ಇಳಿಯುತ್ತದೆ ಎಂಬುದು ಅವರ ಎಣಿಕೆ. ಜರ್ಮನಿಯ ಮರ್ಸಿಡಿಸ್-ಬೆಂಜ್ ಮತ್ತು ಆಟೊ ಯೂನಿಯನ್ ಕಂಪನಿಗಳು ಆ ನಿಯಮವನ್ನು ಬೇರೆಯದೇ ಕಣ್ಣಿನಿಂದ ಓದಿದವು. ನಾಜಿ ಸರ್ಕಾರದ ಹಣವೂ ಬೆನ್ನಿಗಿತ್ತು. ಹಗುರ ಲೋಹಗಳಲ್ಲಿ ಮೈ ಕಟ್ಟಿ, ಉಳಿಸಿದ ಒಂದೊಂದು ಕಿಲೋವನ್ನೂ ಎಂಜಿನ್ನಿಗೆ ಸುರಿದವು. ಎಂಜಿನ್ನುಗಳು ಸಣ್ಣದಾಗಲಿಲ್ಲ, ವರ್ಷದಿಂದ ವರ್ಷಕ್ಕೆ ಕೊಬ್ಬಿದವು. 1934ರಲ್ಲಿ ಮುನ್ನೂರು ಚಿಲ್ಲರೆ ಇದ್ದ ಅಶ್ವಶಕ್ತಿ ಎರಡೇ ವರ್ಷದಲ್ಲಿ ಐನೂರರ ಸಮೀಪಕ್ಕೆ ಬಂತು.

ಆ ಬಲವೆಲ್ಲ ನೆಲಕ್ಕಿಳಿಯಬೇಕಿದ್ದದ್ದು ಹಿಂದಿನ ಎರಡು ಚಕ್ರಗಳ ಮೂಲಕ. ಅಂದಿನ ಟೈರುಗಳು ಕಿರಿದು, ಡಾಂಬರಿಗೆ ತಾಗುವ ಜಾಗವೂ ಅತ್ಯಲ್ಪ. ಆಕ್ಸಿಲರೇಟರಿನ ಮೇಲೆ ಕಾಲು ಒಂದಿಷ್ಟು ಭಾರವಾದರೂ ಚಕ್ರಗಳು ನಿಂತಲ್ಲೇ ಸುತ್ತಿ ರಬ್ಬರಿನ ಹೊಗೆ ಎಬ್ಬಿಸುತ್ತಿದ್ದವು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲೂ ಚಕ್ರ ಜಾರುವುದು ನಿಲ್ಲುತ್ತಿರಲಿಲ್ಲ. ತಿರುವಿನಲ್ಲಿ ಹೀಗಾದರೆ ಕಾರಿನ ಬಾಲ ಹೊರಕ್ಕೆ ಬೀಸಿ, ಮೂತಿ ಹಿಂದಾಗಿ, ಚಾಲಕನ ಪಾಲಿಗೆ ದೇವರೇ ಗತಿ. ಶಕ್ತಿ ಹುಟ್ಟಿಸುವ ವಿದ್ಯೆ ಎಂಜಿನಿಯರುಗಳಿಗೆ ಕರಗತವಾಗಿತ್ತು. ಅದನ್ನು ರಸ್ತೆಗೆ ಅಂಟಿಸುವ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ.

ಮೊದಲು ಪೆಟ್ಟು ತಿಂದದ್ದು ಆಟೊ ಯೂನಿಯನ್. ಅವರಿಗಾಗಿ ಫರ್ಡಿನೆಂಡ್ ಪೋರ್ಷೆ ರೂಪಿಸಿದ ಕಾರಿನಲ್ಲಿ 16 ಸಿಲಿಂಡರಿನ ಎಂಜಿನ್ ಚಾಲಕನ ಬೆನ್ನ ಹಿಂದೆ ಕೂತಿತ್ತು. ಭಾರವೆಲ್ಲ ಹಿಂದಿದ್ದರೂ ತಿರುವಿನಿಂದ ಹೊರಬರುವಾಗ ಒಂದೇ ಚಕ್ರ ಗಿರ್ರನೆ ತಿರುಗಿ ಬಲವನ್ನೆಲ್ಲ ಪೋಲು ಮಾಡುತ್ತಿತ್ತು. ಈ ಕಾಟ ಎಂಥದ್ದೆಂದು ಕೃಷ್ಣೆಯ ದಂಡೆಯ ತಿಂಥಣಿಯ ಸುತ್ತಮುತ್ತ, ಸುರಪುರ-ಶಹಾಪುರ ಸೀಮೆಯ ಎರೆಹೊಲದಲ್ಲಿ ಮಳೆಯ ಮರುದಿನ ಟ್ರ್ಯಾಕ್ಟರ್ ಇಳಿಸಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದು ಗಾಲಿ ಕೆಸರಿಗೆ ಸಿಕ್ಕರೆ ಅದೊಂದೇ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಗಾಲಿ ಅಲುಗದೆ ನಿಲ್ಲುತ್ತದೆ. ತಿರುವಿನಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಉರುಳಲೆಂದು ಇಟ್ಟ ಡಿಫರೆನ್ಶಿಯಲ್ಲೇ ಅಲ್ಲಿ ಶತ್ರು. ಟ್ರ್ಯಾಕ್ಟರಿನವನು ಪೆಡಲು ಒತ್ತಿ ಡಿಫರೆನ್ಶಿಯಲ್ ಲಾಕ್ ಮಾಡಿದಾಗ ಎರಡೂ ಗಾಲಿ ಒಟ್ಟಿಗೆ ತಿರುಗಿ ಗಾಡಿ ಮೇಲೇಳುತ್ತದೆ. ಆದರೆ ಹಾಗೆ ಬಿಗಿದ ಗಾಡಿಯನ್ನು ತಿರುಗಿಸಲು ಹೋದರೆ ಅದು ನೆಟ್ಟಗೆ ಹೋಗಲು ಹಟ ಹಿಡಿಯುತ್ತದೆ. ಹೊಲದಲ್ಲಿ ಅದು ನಡೆದೀತು. ತಿರುವಿನ ಮೇಲೆ ತಿರುವು ಬರುವ ರೇಸಿನಲ್ಲಿ ನಡೆಯುವಂತಿರಲಿಲ್ಲ. ಬೇಕಾದಾಗ ತಾನೇ ಬಿಗಿದು, ಬೇಡದಾಗ ತಾನೇ ಸಡಿಲಾಗುವ ಒಂದು ಉಪಾಯ ಬೇಕಿತ್ತು. 1935ರಲ್ಲಿ ಪೋರ್ಷೆ ಗೇರು ತಯಾರಿಸುವ ಜೆಡ್‌ಎಫ್ ಕಂಪನಿಗೆ ಆ ಕೆಲಸ ಒಪ್ಪಿಸಿದರು. ಅಲೆಯಂಥ ಏರಿಳಿತದ ಎರಡು ಬಳೆಗಳ ನಡುವೆ ಜಾರುವ ಉಕ್ಕಿನ ಗೂಟಗಳನ್ನಿಟ್ಟು ಅವರು ಹೊಸ ಡಿಫರೆನ್ಶಿಯಲ್ ಕಟ್ಟಿದರು. ಒಂದು ಚಕ್ರ ಅತಿಯಾಗಿ ಸುತ್ತಲು ಹೋದರೆ ಗೂಟಗಳು ಉಜ್ಜಿ ತಡೆಯುತ್ತಿದ್ದವು, ಬಲ ಇನ್ನೊಂದು ಚಕ್ರಕ್ಕೂ ಹೋಗುತ್ತಿತ್ತು.

ಇದರಿಂದ ಅರ್ಧ ಕಾಯಿಲೆ ವಾಸಿಯಾಯಿತು. ಇನ್ನರ್ಧದ ಮೂಲ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಬಲ ಎರಡೂ ಚಕ್ರಕ್ಕೆ ಹಂಚಿಹೋದರೂ ಆ ಚಕ್ರಗಳು ನೆಲದ ಮೇಲಿದ್ದರಷ್ಟೇ ಅದು ಉಪಯೋಗ. ಜರ್ಮನ್ ಕಾರುಗಳು ಅಜೇಯವಲ್ಲ ಎಂಬುದಕ್ಕೆ 1935ರ ಜುಲೈ 28ರಂದು ಜರ್ಮನಿಯದೇ ರೇಸ್ ಹಾದಿಯಾದ ನ್ಯೂರ್ಬರ್ಗ್‌ರಿಂಗಿನಲ್ಲೇ ಸಾಕ್ಷಿ ಸಿಕ್ಕಿತು. ಬಲದಲ್ಲಿ ತೀರ ಹಿಂದಿದ್ದ ಹಳೆಯ ಆಲ್ಫಾ ರೋಮಿಯೋದಲ್ಲಿ ಇಟಲಿಯ ತಾಜಿಯೋ ನುವೊಲಾರಿ ಎಲ್ಲರ ಬೆನ್ನಟ್ಟಿದ. ಕೊನೆಯ ಸುತ್ತಿನಲ್ಲಿ ಮುಂದಿದ್ದವನು ಮರ್ಸಿಡಿಸ್ಸಿನ ಮ್ಯಾನ್‌ಫ್ರೆಡ್ ಫಾನ್ ಬ್ರೌಖಿಚ್. ಗೆರೆ ಮುಟ್ಟಲು ಕೆಲವೇ ಕಿಲೋಮೀಟರ್ ಉಳಿದಿದ್ದಾಗ ಸವೆದು ಸೋತ ಅವನ ಹಿಂದಿನ ಟೈರು ಒಡೆಯಿತು. ಜರ್ಮನಿಯ ಜನಸಾಗರದ ಮುಂದೆ ಇಟಲಿಯವನು ಗೆದ್ದ.

ಮರ್ಸಿಡಿಸ್ಸಿನವರು ಇದಕ್ಕೆ ಕಂಡುಕೊಂಡ ಔಷಧಿ ಮತ್ತಷ್ಟು ಶಕ್ತಿ. 1936ರ ಕಾರಿಗೆ 4.7 ಲೀಟರಿನ ಎಂಜಿನ್ ತುಂಬಿದರು, ಚುರುಕಾಗಲೆಂದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕತ್ತರಿಸಿ ಕಾರನ್ನು ಗಿಡ್ಡ ಮಾಡಿದರು. ಏಪ್ರಿಲ್‌ನಲ್ಲಿ ಮೊನಾಕೊದಲ್ಲಿ ಮಳೆ ಸುರಿಯಿತು. ಇನ್ನೊಂದು ಕಾರಿನಿಂದ ಸೋರಿದ ಎಣ್ಣೆಯ ಮೇಲೆ ಜಾರಿ ಆರಂಭದಲ್ಲೇ ಕಾರುಗಳು ಒಂದರ ಮೇಲೊಂದು ಬಿದ್ದವು. ಫಾನ್ ಬ್ರೌಖಿಚ್ ಮತ್ತು ಲೂಯಿ ಶಿರೋನ್ ಓಡಿಸುತ್ತಿದ್ದ ಮರ್ಸಿಡಿಸ್ಸುಗಳ ಆಟ ಅಲ್ಲಿಗೇ ಮುಗಿಯಿತು. ಮಳೆಯಲ್ಲಿ ಕಾರು ಪಳಗಿಸುವುದಕ್ಕೆ ಹೆಸರಾದ ರುಡಾಲ್ಫ್ ಕರಾಚಿಯೋಲ ಹೇಗೋ ಗೆದ್ದ, ಮೇ ತಿಂಗಳಲ್ಲಿ ಟ್ಯುನಿಸ್‌ನಲ್ಲೂ ಗೆದ್ದ. ಗೆದ್ದದ್ದು ಅವನ ಕೈಚಳಕವೇ ಹೊರತು ಕಾರಲ್ಲ. ಆಮೇಲೆ ಗೆಲುವೇ ಇಲ್ಲದಾಯಿತು. ಮೋಟಾರ್‌ಸೈಕಲ್ ರೇಸಿನಿಂದ ಬಂದ ಹುಡುಗ ಬರ್ನ್ಟ್ ರೋಸ್‌ಮೇಯರ್ ಆಟೊ ಯೂನಿಯನ್ನಿನಲ್ಲಿ ಒಂದಾದ ಮೇಲೊಂದು ರೇಸು ಬಾಚಿಕೊಂಡ. ಜುಲೈನ ಜರ್ಮನ್ ಗ್ರ್ಯಾಂಡ್ ಪ್ರಿಯಲ್ಲಿ ಶಿರೋನ್ ಭೀಕರವಾಗಿ ಅಪಘಾತಕ್ಕೀಡಾದ. ತಂಡದ ಮ್ಯಾನೇಜರ್ ಆಲ್ಫ್ರೆಡ್ ನೊಯ್‌ಬಾವರನಂಥ ಗಟ್ಟಿಗನೂ ಕೈಚೆಲ್ಲುವ ಹಂತ ಬಂತು. ವರ್ಷದ ರೇಸುಗಳು ಮುಗಿಯುವ ಮೊದಲೇ ಮರ್ಸಿಡಿಸ್ ಕಣದಿಂದ ಹಿಂದೆ ಸರಿಯಿತು.

ಸೋತ ಮನೆಯಲ್ಲಿ ದೂರುಗಳಿಗೇನು ಕೊರತೆ? ಕಾರು ಎಲ್ಲೆಂದರಲ್ಲಿ ಹಾರುತ್ತದೆ ಎಂದು ಚಾಲಕರು ಹೇಳುತ್ತಿದ್ದರು. ಎಲ್ಲಿ, ಯಾವಾಗ, ಯಾಕೆ ಎಂದು ಎಂಜಿನಿಯರುಗಳು ಕೇಳಿದರೆ ಚಾಲಕರ ಬಳಿ ಅವರ ಭಾಷೆಯ ಉತ್ತರವಿರಲಿಲ್ಲ. ಕಾರು ಬರೆದವರಿಗೆ ಅದನ್ನು ಆ ವೇಗದಲ್ಲಿ ಓಡಿಸಲು ಬರುತ್ತಿರಲಿಲ್ಲ, ಓಡಿಸುವವರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಈ ಎರಡರ ನಡುವಿನ ಕಂದಕಕ್ಕೆ ಸೇತುವೆ ಹಾಕಲು ಕಂಪನಿ ಹೊಸದೊಂದು ರೇಸ್ ವಿಭಾಗ ತೆರೆಯಿತು. ಅದರ ತಾಂತ್ರಿಕ ಹೊಣೆ ಹೊರಿಸಿದ್ದು ರೇಸಿನ ಗಂಧಗಾಳಿಯಿಲ್ಲದ, ಆಗತಾನೆ ಮೂವತ್ತು ತುಂಬಿದ ರುಡಾಲ್ಫ್ ಉಲೆನ್‌ಹೌಟ್ ಮೇಲೆ.

ಉಲೆನ್‌ಹೌಟ್ ಹುಟ್ಟಿದ್ದು 1906ರಲ್ಲಿ, ಲಂಡನ್ನಿನಲ್ಲಿ. ತಾಯಿ ಇಂಗ್ಲಿಷರವಳು, ತಂದೆ ಜರ್ಮನ್ ಬ್ಯಾಂಕೊಂದರ ಅಧಿಕಾರಿ. ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದಿ 1931ರಲ್ಲಿ ಮರ್ಸಿಡಿಸ್ ಕಾರು ತಯಾರಿಸುತ್ತಿದ್ದ ಡೈಮ್ಲರ್-ಬೆಂಜ್ ಸೇರಿ, ಕಾರ್ಬುರೇಟರ್ ಹದ ಮಾಡುವುದರಿಂದ ಕೆಲಸ ಶುರುಮಾಡಿದ್ದ. ಮಧ್ಯಮವರ್ಗದವರು ಕೊಳ್ಳುವ ಸಾಧಾರಣ ಕಾರುಗಳನ್ನು ನ್ಯೂರ್ಬರ್ಗ್‌ರಿಂಗಿನಲ್ಲಿ ಸುತ್ತಿಸಿ ಸುತ್ತಿಸಿ ಅವುಗಳ ನಡೆ ತಿದ್ದುವುದೇ ಅವನ ಕಸುಬಾಗಿತ್ತು. ಯಾವ ಸ್ಪ್ರಿಂಗು ಹೇಗೆ ಕುಣಿಯುತ್ತದೆ, ಯಾವ ತಿರುವಿನಲ್ಲಿ ಯಾವ ಚಕ್ರ ತಪ್ಪು ಹೆಜ್ಜೆ ಇಡುತ್ತದೆ ಎಂಬುದು ಅವನ ಸೊಂಟಕ್ಕೂ ಬೆನ್ನಿಗೂ ತಿಳಿಯುತ್ತಿತ್ತು. ಆದರೆ ಗ್ರ್ಯಾಂಡ್ ಪ್ರಿ ಕಾರಿನಲ್ಲಿ ಅವನು ಅದುವರೆಗೆ ಕೂತವನೇ ಅಲ್ಲ.

ಯಾರ ವರದಿಯನ್ನೂ ಕಾಯದೆ ಅವನು ತಾನೇ ಕೂತ. 1936ರ ಬೇಸಗೆಯಲ್ಲಿ, ರೇಸಿನ ಗದ್ದಲವಿಲ್ಲದ ಹೊತ್ತಿನಲ್ಲಿ, ಸೋತ ಅದೇ ಕಾರನ್ನು ನ್ಯೂರ್ಬರ್ಗ್‌ರಿಂಗಿಗೆ ಇಳಿಸಿದ. ಐಫೆಲ್ ಬೆಟ್ಟಗಳ ಕಾಡಿನೊಳಗೆ 22.8 ಕಿಲೋಮೀಟರ್ ಉದ್ದಕ್ಕೂ ಏರಿ ಇಳಿದು ಸುತ್ತುವ ಆ ಹಾದಿ ಅನುಭವಿಗಳ ಎದೆಯನ್ನೇ ನಡುಗಿಸುತ್ತಿತ್ತು. ದಿಬ್ಬಗಳ ತಲೆಯ ಮೇಲೆ ಕಾರು ನೆಲ ಬಿಟ್ಟು ಹಾರುತ್ತಿತ್ತು, ಇಳಿದಲ್ಲೇ ತಿರುವು ಕಾದಿರುತ್ತಿತ್ತು. ಮೊದಮೊದಲು ನಿಧಾನವಾಗಿ, ಆಮೇಲೆ ಬೇಗ, ಆಮೇಲೆ ಇನ್ನೂ ಬೇಗ, ಅವನು ಸುತ್ತುತ್ತಲೇ ಹೋದ. ವೇಗ ಏರಿದಂತೆ ಕಾರು ತನ್ನ ಗುಟ್ಟುಗಳನ್ನು ಒಂದೊಂದಾಗಿ ಬಿಟ್ಟುಕೊಡತೊಡಗಿತು. ಕೆಲಕಾಲದಲ್ಲೇ ತಂಡದ ಹೆಸರಾಂತ ಚಾಲಕರ ವೇಗಕ್ಕೆ ಸಮೀಪಿಸಿದ. ಬರೆದವನೇ ಓಡಿಸುವವನೂ ಆದ, ಕಂದಕ ಮುಚ್ಚಿತು.

ಅವನು ಕಂಡದ್ದು ಅಂದಿನ ಶಾಸ್ತ್ರಕ್ಕೆ ತದ್ವಿರುದ್ಧವಾಗಿತ್ತು. ರೇಸ್ ಕಾರಿನ ಸ್ಪ್ರಿಂಗು ಕಲ್ಲಿನಂತಿರಬೇಕು, ಮೆತ್ತನೆಯ ಸ್ಪ್ರಿಂಗು ಶ್ರೀಮಂತರ ಮನೆ ಕಾರಿಗೆ ಎಂಬುದು ಆ ಕಾಲದ ನಂಬಿಕೆ. 1934ರಲ್ಲಿ ಬಂದ ಮೂಲ ಕಾರಿನಲ್ಲೇ ಮುಂದಿನ ಸ್ಪ್ರಿಂಗುಗಳನ್ನು ಅಡ್ಡಕೊಳವೆಯೊಂದರ ಒಳಗೆ ತುರುಕಿದ್ದರು, ಚಕ್ರ ಮೇಲೆ ಕೆಳಗೆ ಆಡಲು ಹೆಚ್ಚು ಜಾಗವೇ ಇರಲಿಲ್ಲ. ಹೀಗಾಗಿ ರಸ್ತೆಯ ಸಣ್ಣ ಉಬ್ಬು ಸಿಕ್ಕರೂ ಚಕ್ರ ಅದನ್ನು ಹಿಂಬಾಲಿಸದೆ ಗಾಳಿಗೆ ಜಿಗಿಯುತ್ತಿತ್ತು. ಗಾಳಿಯಲ್ಲಿದ್ದ ಆ ಗಳಿಗೆಯಲ್ಲಿ ಬಲ ಸಿಕ್ಕ ಚಕ್ರ ಹುಚ್ಚೆದ್ದು ಸುತ್ತಿ, ಮತ್ತೆ ನೆಲ ಮುಟ್ಟಿದಾಗ ಕಾರನ್ನು ಪಕ್ಕಕ್ಕೆ ಎಸೆಯುತ್ತಿತ್ತು. ಅದಕ್ಕಿಂತ ದೊಡ್ಡ ಆಶ್ಚರ್ಯ ಇನ್ನೊಂದು ಕಾದಿತ್ತು. ಸ್ಪ್ರಿಂಗು ಬಗ್ಗದಿದ್ದಲ್ಲಿ ಕಾರಿನ ಚೌಕಟ್ಟಾದ ಚಾಸಿಯೇ ಬಗ್ಗುತ್ತಿತ್ತು. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಆಕ್ಸೆಲ್ ತನ್ನ ಜಾಗದಿಂದ 7ರಿಂದ 10 ಸೆಂಟಿಮೀಟರಿನಷ್ಟು ಸರಿಯುತ್ತಿತ್ತು. ಚಾಲಕ ಸ್ಟಿಯರಿಂಗ್ ಒಂದು ಕಡೆ ಹಿಡಿದರೆ ಹಿಂದಿನ ಚಕ್ರಗಳು ತಮ್ಮದೇ ದಾರಿ ಹಿಡಿಯುತ್ತಿದ್ದವು. ಕರಾಚಿಯೋಲನಂಥವನೂ ಆ ವರ್ಷವಿಡೀ ಸೆಣಸಿದ್ದು ರೋಸ್‌ಮೇಯರನ ಜೊತೆ ಮಾತ್ರವಲ್ಲ, ಕುಳಿತ ಕಾರಿನ ಮೈ ಹೊಯ್ದಾಟದ ಜೊತೆಗೂ.

ಉಲೆನ್‌ಹೌಟ್ ಕಾರ್ಖಾನೆಗೆ ಹಿಂತಿರುಗಿ ಕೇಳಿದ್ದು ಎರಡೇ ಮಾತು. ಬಗ್ಗುತ್ತಿರುವ ಚಾಸಿ ಬಗ್ಗಕೂಡದು. ಬಗ್ಗದ ಸ್ಪ್ರಿಂಗು ಬಗ್ಗಬೇಕು. ವರ್ಷಗಟ್ಟಲೆ ಎಲ್ಲರೂ ಮಾಡಿಕೊಂಡು ಬಂದದ್ದನ್ನು ತಲೆಕೆಳಗು ಮಾಡುವ ಮಾತು ಅದು. ಸೋಲು ಕಂಪನಿಯ ಕಿವಿ ತೆರೆಸಿತ್ತು. ವಿನ್ಯಾಸಕ ಮ್ಯಾಕ್ಸ್ ವ್ಯಾಗ್ನರ್ ಮತ್ತವನ ನಕ್ಷೆಗಾರರು ಹೊಸ ಕಾರಿನ ಬೆನ್ನೆಲುಬು ಬರೆಯತೊಡಗಿದರು. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಉಕ್ಕಿನ ಅಂಡಾಕಾರದ ಕೊಳವೆಗಳು ಹಳೆಯ ಚೌಕಟ್ಟಿನ ಜಾಗಕ್ಕೆ ಬಂದವು. ಮುಂದಿನ ಸ್ಪ್ರಿಂಗುಗಳು ಕೊಳವೆಯ ಕತ್ತಲೆಯಿಂದ ಹೊರಬಂದು ಬಯಲಿನಲ್ಲಿ ನಿಂತವು, ಅವಕ್ಕೆ ಆಡಲು ಧಾರಾಳ ಜಾಗ ಸಿಕ್ಕಿತು. ಗಿಡ್ಡ ಮಾಡಿದ್ದ ಕಾರು ಮತ್ತೆ ಉದ್ದವಾಯಿತು. ಮೆತ್ತನೆಯ ಸ್ಪ್ರಿಂಗಿನ ಮೇಲೆ ಕಾರು ದೋಣಿಯಾಗದಂತೆ ತಡೆಯುವ ಹೊಣೆಯನ್ನು ಬಲವಾದ ಶಾಕ್ ಅಬ್ಸಾರ್ಬರುಗಳಿಗೆ ವಹಿಸಿದರು.

ಹಿಂದಿನ ಚಕ್ರಗಳ ಗಂಟು ಬಿಡಿಸಲು ಅವರು ಕೈ ಹಾಕಿದ್ದು ಮೂಲೆಗೆ ಸರಿಸಿದ್ದ ಹಳೆಯ ವಿದ್ಯೆಯೊಂದಕ್ಕೆ. 1934ರ ಕಾರಿನಲ್ಲಿದ್ದದ್ದು ಸ್ವಿಂಗ್ ಆಕ್ಸೆಲ್. ಅದರಲ್ಲಿ ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಓರೆಯಾಗುತ್ತಿತ್ತು, ತಿರುವಿನಲ್ಲಿ ಹೊರಗಿನ ಚಕ್ರ ಕಾರಿನ ಕೆಳಕ್ಕೆ ಮಡಚಿಕೊಳ್ಳುವ ಅಪಾಯವೂ ಇತ್ತು. ಇದಕ್ಕೆ ಮದ್ದು 1890ರ ದಶಕದಲ್ಲೇ ಫ್ರಾನ್ಸಿನ ಶಾರ್ಲ್ ತ್ರೆಪಾರ್ದೂ ಎಂಬ ಎಂಜಿನಿಯರನಿಗೆ ಹೊಳೆದಿತ್ತು. ಡಿಫರೆನ್ಶಿಯಲ್ಲಿನ ಭಾರವನ್ನು ಚಾಸಿಗೆ ಬಿಗಿದು, ಎರಡು ಚಕ್ರಗಳನ್ನು ಹಗುರವಾದ ಬಾಗಿದ ಕೊಳವೆಯೊಂದರಿಂದ ಜೋಡಿಸಿದರೆ ಅವು ಸದಾ ನೆಟ್ಟಗೆ ನಿಲ್ಲುತ್ತವೆ. ತ್ರೆಪಾರ್ದೂ ಉಗಿಬಂಡಿಯ ಕಟ್ಟಾಭಿಮಾನಿ. ಪಾಲುದಾರ ಡಿ ಡಿಯಾನ್ ಪೆಟ್ರೋಲಿನತ್ತ ವಾಲಿದಾಗ ಸಿಟ್ಟಿನಿಂದ ಕಂಪನಿ ತೊರೆದು ಹೋದ. ಅವನು ಕಂಡುಹಿಡಿದ ಆಕ್ಸೆಲ್ ಮಾತ್ರ ಅಲ್ಲೇ ಉಳಿದು ಡಿ ಡಿಯಾನ್ ಹೆಸರಿನಲ್ಲೇ ಪ್ರಸಿದ್ಧವಾಯಿತು. ಉಗಿಬಂಡಿಗೆಂದು ಹುಟ್ಟಿದ ಆ ಕೊಳವೆ ನಾಲ್ಕು ದಶಕದ ಮೇಲೆ ಜಗತ್ತಿನ ಅತಿ ಬಲಿಷ್ಠ ರೇಸ್ ಕಾರಿನ ಬೆನ್ನಿಗೆ ಬಂದು ನಿಂತಿತು. ಅದರ ಜೊತೆಗೆ ಚಾಸಿಯ ಉದ್ದಕ್ಕೆ ಮಲಗಿಸಿದ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳುಗಳು ಬಂದವು.

ಎಂಜಿನ್ನಿನಲ್ಲೂ ಎಡವಿ ಏಳಬೇಕಾಯಿತು. 12 ಸಿಲಿಂಡರಿನ ಎಂಜಿನ್ ಒಂದು ಸಿದ್ಧವಾಗಿತ್ತು, ಆದರೆ ಅದರ ಭಾರ 750 ಕಿಲೋದ ಕಾರಿಗೆ ಒಗ್ಗಲಿಲ್ಲ. ಕೊನೆಗೆ ಒಂದೇ ಸಾಲಿನ 8 ಸಿಲಿಂಡರಿನ 5.66 ಲೀಟರ್ ಎಂಜಿನ್ ಕೂರಿಸಿದರು. ಅದು ಹೊಮ್ಮಿಸಿದ್ದು ಸುಮಾರು 595 ಅಶ್ವಶಕ್ತಿ. ಗ್ರ್ಯಾಂಡ್ ಪ್ರಿ ಕಣದಲ್ಲಿ ಆ ಅಂಕಿಯನ್ನು ಮೀರಲು 1980ರ ದಶಕದ ಟರ್ಬೊ ಎಂಜಿನ್ನುಗಳೇ ಬರಬೇಕಾಯಿತು. ಹೊಸ ಕಾರಿನ ಹೆಸರು ಡಬ್ಲ್ಯು 125. ಹಿಂದಿನ ಕಾರಿನ ಬಲವೇ ನೆಲಕ್ಕೆ ಇಳಿಯದೆ ಸತಾಯಿಸಿತ್ತು; ಈಗ ಅದಕ್ಕಿಂತ ನೂರು ಕುದುರೆ ಹೆಚ್ಚು. ಉಲೆನ್‌ಹೌಟ್ ಹೇಳಿದ್ದು ಸುಳ್ಳಾಗಿದ್ದರೆ ಈ ಕಾರು ಯಾರನ್ನೂ ಉಳಿಸುವಂತಿರಲಿಲ್ಲ.

1937ರ ಮೇ 9ರಂದು ಟ್ರಿಪೋಲಿಯಲ್ಲಿ ಮೊದಲ ಪರೀಕ್ಷೆ. ಆಫ್ರಿಕದ ಸುಡುಬಿಸಿಲಿಗೆ ಕಾದ ಹಾದಿ, ಟೈರು ತಿನ್ನುವ ವೇಗ. ಮರ್ಸಿಡಿಸ್ಸಿನ ಚಾಲಕರಲ್ಲಿ ಹರ್ಮಾನ್ ಲಾಂಗ್ ಎಂಬವನಿದ್ದ. ಅವನು ತಂಡಕ್ಕೆ ಬಂದದ್ದೇ ಮೆಕ್ಯಾನಿಕ್ ಆಗಿ, ಬೇರೆಯವರ ಕಾರಿನ ನಟ್ಟು ಬೋಲ್ಟು ಬಿಗಿಯುತ್ತಾ ಬೆಳೆದವನು. ಘಟಾನುಘಟಿಗಳ ನಡುವೆ ಅವನ ಮೇಲೆ ಯಾರ ಕಣ್ಣೂ ಇರಲಿಲ್ಲ. ಆಟೊ ಯೂನಿಯನ್ನಿನವರು ಟೈರು ಸವೆಸಿಕೊಂಡು ಪದೇ ಪದೇ ಪಿಟ್ಟಿಗೆ ಓಡಿಬರುವಾಗ ಲಾಂಗ್ ತಾಳ್ಮೆಯಿಂದ ಮುಂದೆ ಸರಿದ. ರೋಸ್‌ಮೇಯರ್ ಬೆನ್ನಟ್ಟಿದರೂ ಕೈಗೆ ಸಿಗಲಿಲ್ಲ. ಮೆಕ್ಯಾನಿಕ್ಕಿನ ಮೊದಲ ಗ್ರ್ಯಾಂಡ್ ಪ್ರಿ ಗೆಲುವು ಹೊಸ ಕಾರಿನ ಮೊದಲ ಗೆಲುವೂ ಆಯಿತು.

ನಿಜವಾದ ಉತ್ತರ ಬೇಕಿದ್ದದ್ದು ನ್ಯೂರ್ಬರ್ಗ್‌ರಿಂಗಿನಲ್ಲಿ. ಜುಲೈ 25ರಂದು ಅದೇ ದಿಬ್ಬಗಳ ಮೇಲೆ, ಅದೇ ತಿರುವುಗಳಲ್ಲಿ ಕರಾಚಿಯೋಲ ಮೊದಲಿಗ, ಫಾನ್ ಬ್ರೌಖಿಚ್ ಎರಡನೆಯವ, ರೋಸ್‌ಮೇಯರ್ ಮೂರನೆಯವ. ಆ ದಿನ ಅಪಘಾತಕ್ಕೀಡಾದ ಆಟೊ ಯೂನಿಯನ್ನಿನ ಎರ್ನ್ಸ್ಟ್ ಫಾನ್ ಡೇಲಿಯಸ್ ಮರುದಿನ ಪ್ರಾಣ ಬಿಟ್ಟ. ಆ ಕಾಲದ ಗೆಲುವುಗಳ ಪಕ್ಕದಲ್ಲಿ ಸಾವು ಹೀಗೆ ಕೂತೇ ಇರುತ್ತಿತ್ತು. ಯುರೋಪಿಯನ್ ಚಾಂಪಿಯನ್‌ಷಿಪ್ಪಿನ 5 ರೇಸುಗಳಲ್ಲಿ 4 ಮರ್ಸಿಡಿಸ್ಸಿಗೆ ಬಂದವು, ಪಟ್ಟ ಕರಾಚಿಯೋಲನದಾಯಿತು. ಎದುರಾಳಿಗಳ ಬಳಿಯೂ ಸಾಕಷ್ಟು ಬಲವಿತ್ತು, ರೋಸ್‌ಮೇಯರನಿಗಿಂತ ಧೈರ್ಯವಂತನೂ ಇರಲಿಲ್ಲ. ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಡಾನಿಂಗ್‌ಟನ್ನಿನಲ್ಲಿ ಅವನೇ ಗೆದ್ದ. ಒಂದು ರೇಸು ಧೈರ್ಯದಿಂದ ಗೆಲ್ಲಬಹುದಿತ್ತು, ಇಡೀ ವರ್ಷ ಗೆಲ್ಲಲು ನೆಲ ಹಿಡಿಯುವ ಕಾರು ಬೇಕಿತ್ತು.

ಯುದ್ಧ ಬಂತು, ರೇಸುಗಳು ನಿಂತವು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಎಂಜಿನಿಯರ್ ಕ್ಯಾಮರಾನ್ ಅರ್ಲ್ ಜರ್ಮನಿಗೆ ಹೋಗಿ ಈ ಕಾರುಗಳನ್ನು ಕಟ್ಟಿದವರನ್ನು ಕಂಡು ಬರೆದ ವರದಿ 1948ರಲ್ಲಿ ಪ್ರಕಟವಾಯಿತು. ಜರ್ಮನ್ ಕಾರ್ಖಾನೆಗಳ ಗುಟ್ಟುಗಳು ಹೊಸ ತಲೆಮಾರಿನ ವಿನ್ಯಾಸಕಾರರ ಮೇಜಿಗೆ ಬಂದವು. ಇತ್ತ ಉಲೆನ್‌ಹೌಟ್ 1952ರಲ್ಲಿ 300 ಎಸ್‌ಎಲ್ ಎಂಬ ಸ್ಪೋರ್ಟ್ಸ್ ಕಾರು ಹೊರತಂದ. ಸಣ್ಣ ಕೊಳವೆಗಳನ್ನು ಜಾಲದಂತೆ ಹೆಣೆದ ಅದರ ಚಾಸಿ ಗಟ್ಟಿಯಾಗಿಯೂ ಹಗುರವಾಗಿಯೂ ಇತ್ತು, ಆ ವರ್ಷದ ಲ ಮಾನ್ ರೇಸನ್ನೇ ಗೆದ್ದಿತು. ಆದರೆ 1954ರಲ್ಲಿ ಜನರಿಗೆ ಮಾರಲೆಂದು ಅದೇ ಕಾರು ಹೊರಬಂದಾಗ ಹಳೆಯ ಭೂತ ಮತ್ತೆ ಇಣುಕಿತು. ಹಿಂದೆ ಇದ್ದದ್ದು ಸ್ವಿಂಗ್ ಆಕ್ಸೆಲ್; ತಿರುವಿನ ನಡುವೆ ಆಕ್ಸಿಲರೇಟರಿನಿಂದ ಗಾಬರಿಯಲ್ಲಿ ಕಾಲು ತೆಗೆದವನನ್ನು ಅದು ಗರಗರನೆ ತಿರುಗಿಸಿಬಿಡುತ್ತಿತ್ತು. ಚಕ್ರಗಳು ಓರೆಯಾಗುವ ಕೀಲನ್ನು ಡಿಫರೆನ್ಶಿಯಲ್ಲಿನ ಕೆಳಕ್ಕೆ ಇಳಿಸಿ 1957ರ ರೋಡ್‌ಸ್ಟರ್ ಮಾದರಿಯಲ್ಲಿ ಅದನ್ನು ಪಳಗಿಸಿದರು.

ಓಡಿಸುವ ಚಟ ಉಲೆನ್‌ಹೌಟನನ್ನು ಕೊನೆಗೂ ಬಿಡಲಿಲ್ಲ. ಕಾರು ಸರಿಯಿಲ್ಲ ಎಂದು ಚಾಂಪಿಯನ್ ಫಾಂಜಿಯೋ ದೂರಿದಾಗ ಕೋಟು-ಟೈ ತೊಟ್ಟಿದ್ದ ಈ ಎಂಜಿನಿಯರ್ ಅದೇ ಕಾರಿನಲ್ಲಿ ಅವನಿಗಿಂತ ಬೇಗ ಸುತ್ತಿ ಬಂದನೆಂಬ ಕತೆ ರೇಸಿನ ವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. 1955ರಲ್ಲಿ ಅವನು ಓಡಾಡಲು ಬಳಸಿದ 300 ಎಸ್‌ಎಲ್‌ಆರ್ ಕೂಪೆಯ ಜೋಡಿಯಲ್ಲೊಂದು 2022ರ ಮೇನಲ್ಲಿ 13.5 ಕೋಟಿ ಯೂರೊಗೆ ಹರಾಜಾಗಿ, ಅಲ್ಲಿಯವರೆಗೆ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲೇ ದುಬಾರಿ ಎನಿಸಿತು.

ಅವನ ಸೊಂಟಕ್ಕೆ ತಿಳಿದದ್ದರ ಹಿಂದಿನ ಲೆಕ್ಕ ಇಷ್ಟೇ. ಟೈರಿನ ಹಿಡಿತ ಅದರ ಮೇಲೆ ಬಿದ್ದ ಭಾರವನ್ನು ಅವಲಂಬಿಸುತ್ತದೆ, ಆದರೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಒಮ್ಮೆ ಜಿಗಿದು ಒಮ್ಮೆ ಅಪ್ಪಳಿಸುವ ಚಕ್ರ ಜಿಗಿದಾಗ ಕಳೆದುಕೊಂಡದ್ದನ್ನು ಅಪ್ಪಳಿಸಿದಾಗ ಪೂರ್ತಿ ಮರಳಿ ಪಡೆಯುವುದಿಲ್ಲ. ಭಾರ ಒಂದೇ ಸಮನಿದ್ದ ಚಕ್ರವೇ ಹೆಚ್ಚು ನೆಲ ಹಿಡಿಯುತ್ತದೆ. ಮೆತ್ತನೆಯ ಸ್ಪ್ರಿಂಗು ಚಕ್ರವನ್ನು ರಸ್ತೆಯ ಏರಿಳಿತಕ್ಕೆ ಹೊಂದಿಸಿ ಭಾರವನ್ನು ಸಮವಾಗಿಡುತ್ತದೆ, ಶಾಕ್ ಅಬ್ಸಾರ್ಬರ್ ಅದರ ಕುಣಿತವನ್ನು ನಿಲ್ಲಿಸುತ್ತದೆ. ಚಾಸಿ ತಾನೇ ಬಾಗಿದರೆ ಅದೂ ಒಂದು ಸ್ಪ್ರಿಂಗೇ. ಆದರೆ ಅದಕ್ಕೆ ಶಾಕ್ ಅಬ್ಸಾರ್ಬರ್ ಇರುವುದಿಲ್ಲ, ಚಕ್ರದ ದಿಕ್ಕನ್ನೂ ಅದು ಕೆಡಿಸುತ್ತದೆ. ಗಟ್ಟಿ ಚಾಸಿ, ಆಡುವ ಸ್ಪ್ರಿಂಗು, ನೆಟ್ಟಗಿನ ಚಕ್ರ, ಬಲ ಹಂಚುವ ಡಿಫರೆನ್ಶಿಯಲ್: ಹಿಂದಿನ ಚಕ್ರಗಳಿಂದ ಓಡುವ ಸ್ಪೋರ್ಟ್ಸ್ ಕಾರನ್ನು ಇಂದು ಹದಗೊಳಿಸುವವರೂ ಮೊದಲು ನೋಡುವುದು ಈ ನಾಲ್ಕನ್ನೇ, ಎಂಜಿನ್ನಿನ ಬಲ ಆಮೇಲಿನ ಮಾತು.